ಒರಿಜಿನಲ್ ದೀಪಕ್ಕಾಗಿ ಮಾತಳೆಯವರೆಗೆ

ಕಟುನಾಯಕೆ ವಿಮಾನ ನಿಲ್ದಾಣ

ಶ್ರೀಲಂಕಾಕ್ಕೆ ಯಾಕೆ ಬಂದಿರಿ ಎಂದು ಕೇಳಿದರೆ ‘ಟೂರಿಸ್ಟ್’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳಿ ಎಂದು ಹೆಂಡತಿ ನೂರು ಸಲ ಹೇಳಿ ಕಳಿಸಿದ್ದಳು. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಕೇಳಿದ ಕೂಡಲೇ ನನ್ನ ಬಾಯಿಂದ ಬಿದ್ದದ್ದು ‘ಲೈಟ್ಸ್’ ಎಂಬ ಒಂದೇ ಮಾತು. ಅವರು ಮುಗುಳ್ನಕ್ಕು, ವೆಸಾಕ್ ಹಬ್ಬದ ದೀಪಗಳು ಕಳೆದ ತಿಂಗಳೇ ಮುಗಿದುಹೋದವು, ತಡವಾಗಿ ಬಂದಿರಿ ಎಂದು ಇಂಗ್ಲಿಷಿನಲ್ಲಿ ಮರುಗಿದರು. ನಾನು ಹುಡುಕಿಕೊಂಡು ಬಂದದ್ದು ಬುದ್ಧನ ಹಬ್ಬದ ದೀಪವಲ್ಲ, ಮೈನರ್ ಎಂಬ ಹಳೆಯ ಕಾಲದ ಕಾರಿನ ಎರಡು ಹೆಡ್‌ಲೈಟು ಎಂದು ವಿವರಿಸುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ತಲೆಯಾಡಿಸಿದೆ. ಅವರು ಮುದ್ರೆ ಒತ್ತಿದರು.

ನನ್ನ ಹೆಸರು ಗಂಗಾಧರ. ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ನಲ್ಲಿ, ಬಾಗಿಲ ಹಿಡಿ, ಬೀಗ, ಬೈಕಿನ ಸೈಲೆನ್ಸರ್, ಏನು ತಂದುಕೊಟ್ಟರೂ ಉಜ್ಜಿ, ಹೊಳಪು ಬರಿಸಿ, ಕ್ರೋಮು ಹಾಕಿಕೊಡುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಇದನ್ನೇ ಮಾಡಿ ಮಾಡಿ, ಲೋಹ ಕಂಡರೆ ಸಾಕು, ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗುತ್ತದೆ. ವಿಮಾನದಲ್ಲಿ ದಾರಿಯುದ್ದಕ್ಕೂ ಸೀಟ್ ಬೆಲ್ಟಿನ ಕೊಂಡಿಯನ್ನು ಉಜ್ಜುತ್ತಾ ಕೂತಿದ್ದೆ. ಪಕ್ಕದ ಹೆಂಗಸು ಪಾಪ, ಹೆದರಿದ್ದೇನೆ ಎಂದುಕೊಂಡು ಪೆಪ್ಪರ್‌ಮಿಂಟು ಕೊಟ್ಟರು. ಹೆದರಿಕೆಯೇನೋ ಇತ್ತು, ಆದರೆ ಅದು ವಿಮಾನದ ಹೆದರಿಕೆ ಅಲ್ಲ.

ಪೀಣ್ಯ, ಹೊರಡುವ ಮುಂಚೆ

ಆ ಕಾರು ಕಾಡುಗೋಡಿಯ ಜಯಮ್ಮನವರದು. ಅವರಿಗೆ ಎಪ್ಪತ್ತು ದಾಟಿದೆ. ಅವರ ಹೊಲವಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಬಾಡಿಗೆ ರೂಮುಗಳಿವೆ. ಹೊಲವಿದ್ದ ಕಾಲದಲ್ಲಿ ಅವರು ಈ ಕಾರಿನ ಹಿಂದಿನ ಸೀಟು ಕಿತ್ತುಹಾಕಿ, ಹೂವಿನ ಮೂಟೆ ತುಂಬಿಕೊಂಡು, ಕೋಳಿ ಕೂಗುವ ಮುಂಚೆ ತಾವೊಬ್ಬರೇ ಮಾರ್ಕೆಟ್ಟಿಗೆ ಓಡಿಸಿಕೊಂಡು ಹೋಗುತ್ತಿದ್ದರಂತೆ. ಆಮೇಲೆ ಹೊಲ ಹೋಯಿತು, ಕಾರು ರೂಮುಗಳ ಹಿಂದಿನ ಶೀಟಿನ ಕೆಳಗೆ ನಿಂತುಬಿಟ್ಟಿತು. ಈಗ ಮತ್ತೆ ಓಡಿಸಬೇಕು ಎಂದು ಅವರಿಗೆ ಮನಸ್ಸಾಗಿ, ಯಾರೋ ನನ್ನ ಹೆಸರು ಹೇಳಿ, ಗಾಡಿ ನನ್ನ ಶೆಡ್ಡಿಗೆ ಬಂತು.

“ಏನ್ ಬಿಚ್ತೀಯೋ ಅದ್ನೇ ತಿರ್ಗಾ ಆಕ್ಬೇಕು. ಎಲ್ಲಾ ಒರಿಜಿನಲ್ಲೇ ಇರ್ಬೇಕು ಕಣಪ್ಪ. ಮಾತ್ ಕೊಡು,” ಅಂದರು. ಕೊಟ್ಟೆ.

ಎಂಜಿನ್ ಕೆಲಸವನ್ನು ಮಾದನಾಯಕನಹಳ್ಳಿಯ ಮೆಕ್ಯಾನಿಕ್ ಒಬ್ಬರು ಬಂದು ಮಾಡಿಕೊಟ್ಟರು. ಬಂಪರ್, ಹಿಡಿ, ಬಾಗಿಲ ಪಟ್ಟಿ, ಎಲ್ಲ ನಾನೇ ಮಾಡಿದೆ. ಒಂದು ನಟ್ಟೂ ಬದಲಾಗಲಿಲ್ಲ. ಕೊನೆಗೆ ಉಳಿದದ್ದು ಹೆಡ್‌ಲೈಟು. ಅದರೊಳಗೆ ಬೆಳಕನ್ನು ಮುಂದಕ್ಕೆ ಎಸೆಯುವ ಒಂದು ಬಟ್ಟಲಿರುತ್ತದೆ. ಹಿತ್ತಾಳೆಯ ಬಟ್ಟಲು, ಮೇಲೆ ಬೆಳ್ಳಿಯ ಲೇಪ. ಆ ಲೇಪ ಎಷ್ಟು ತೆಳು ಎಂದರೆ ಬೆರಳು ತಾಗಿದರೂ ಗುರುತು ಉಳಿಯುತ್ತದೆ. ಈಗ ಇಷ್ಟು ಚೆನ್ನಾಗಿ ಹೇಳುತ್ತಿದ್ದೇನೆ. ಆಗ ನನಗೆ ಅದು ಮಬ್ಬು ಹಿಡಿದ ಇನ್ನೊಂದು ಬಟ್ಟಲು, ಅಷ್ಟೇ. ನಮ್ಮ ಶೆಡ್ಡಿನಲ್ಲಿ ಏನೇ ಬಂದರೂ ಮೊದಲು ಉಜ್ಜಿ ಹೊಳಪು ಬರಿಸುವ ಬಫಿಂಗ್ ಚಕ್ರಕ್ಕೆ ತೋರಿಸುವುದು ಪದ್ಧತಿ. ತೋರಿಸಿದೆ. ಬೆಳ್ಳಿ ಒಂದೇ ಗಳಿಗೆಯಲ್ಲಿ ಹಾರಿಹೋಗಿ ಹಳದಿ ಹಿತ್ತಾಳೆ ಕಾಣಿಸಿತು. ಗಾಬರಿಯಲ್ಲಿ, ಎರಡನೆಯದು ಹೇಗಿದೆ ನೋಡೋಣ ಎಂದು ಅದನ್ನೂ ಹಿಡಿದೆ. ಚಕ್ರ ಅದನ್ನು ಕೈಯಿಂದ ಕಿತ್ತುಕೊಂಡು ಗೋಡೆಗೆ ಎಸೆಯಿತು. ಅದು ಪುಟಿದು ಬಂದು ಬಿದ್ದದ್ದು ಮೇಜಿನ ಮೇಲಿಟ್ಟಿದ್ದ ದೀಪದ ಎರಡು ಗಾಜುಗಳ ಮೇಲೆ. ಎರಡೂ ಚೂರಾದವು.

ಅವತ್ತೇ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಜಯಮ್ಮನವರು ದಿನವೂ ಸಂಜೆ ಕಾಫಿ ಕುಡಿದು ಫೋನ್ ಮಾಡುತ್ತಿದ್ದರು. “ದೀಪ ಎಂಗವಪ್ಪ?” ಎನ್ನುತ್ತಿದ್ದರು. ಬೇರೆ ಯಾವ ಭಾಗದ ಬಗ್ಗೆಯೂ ಕೇಳುತ್ತಿರಲಿಲ್ಲ. “ಚೆನ್ನಾಗವೆ ಕಣಮ್ಮ” ಎಂದು ನಾನೂ ಹೇಳುತ್ತಿದ್ದೆ. ಹೀಗೆ ಮೂರು ತಿಂಗಳು. ಜಿಗಣಿಯಲ್ಲೊಬ್ಬರು ಅಚ್ಚು ಮಾಡಿ ಹೊಸ ಗಾಜು ಹುಯ್ದುಕೊಡುತ್ತೇನೆ, ದೇವರಾಣೆ ಗೊತ್ತಾಗುವುದಿಲ್ಲ ಎಂದರು. ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಊರೆಲ್ಲ ಸುತ್ತಿ ಸಾಕಾದ ಮೇಲೆ, ಶ್ರೀಲಂಕಾದಲ್ಲಿ ಮೈನರ್ ಕಾರುಗಳು ಇವತ್ತಿಗೂ ರಸ್ತೆಯಲ್ಲಿ ಓಡಾಡುತ್ತವೆ ಎಂದು ಒಬ್ಬರು ಹೇಳಿದರು. ಪಾಸ್‌ಪೋರ್ಟು ಮಾಡಿಸಿದೆ. ಜಯಮ್ಮನವರ ದೀಪಗಳ ಜಾಗಕ್ಕೆ ಅಂಥವೇ ಎರಡು ತಂದು ಸದ್ದಿಲ್ಲದೆ ಕೂರಿಸಿಬಿಟ್ಟರೆ ನನ್ನ ಮಾತು ಉಳಿಯುತ್ತದೆ ಎಂಬುದು ಲೆಕ್ಕಾಚಾರ.

ಪಂಚಿಕಾವತ್ತೆ

ಕೊಲಂಬೊದ ಪಂಚಿಕಾವತ್ತೆಯಲ್ಲಿ ಎಲ್ಲಿ ನೋಡಿದರೂ ಬಿಡಿಭಾಗದ ಅಂಗಡಿಗಳು. ರಸ್ತೆಯ ವಾಸನೆ, ಗದ್ದಲ, ಕಾಲಿಗಂಟುವ ಆಯಿಲ್, ಎಲ್ಲ ನಮ್ಮ ಕಡೆಯದೇ. ಆದರೆ ಅಲ್ಲಿ ರಸ್ತೆ ದಾಟಲು ಕಾಲಿಟ್ಟರೆ ಲಾರಿ ನಿಲ್ಲುತ್ತದೆ. ಹಳದಿ ಪಟ್ಟಿಯ ಮೇಲೆ ನಾನು ಅಭ್ಯಾಸದಂತೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಕುಣಿಯುತ್ತಿದ್ದರೆ ಎರಡೂ ಕಡೆ ಗಾಡಿಗಳು ಸಾಲಾಗಿ ನಿಂತು ನನ್ನನ್ನು ಕಾಯುತ್ತಿದ್ದವು. ತುಮಕೂರು ರಸ್ತೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಸಂಕೋಚದ ವಿಷಯ. ಓಡಿ ದಾಟಿದೆ.

ನನ್ನನ್ನು ಸುತ್ತಿಸುತ್ತಿದ್ದವನು ನಿಮಲ್ ಎಂಬ ತ್ರೀವೀಲರ್ ಚಾಲಕ. ಕೊಲ್ಲಿ ದೇಶದಲ್ಲಿ ತಮಿಳರ ಜೊತೆ ಇದ್ದು ಬಂದವನು. ಅವನಿಗೆ ಅರ್ಧ ತಮಿಳು, ನನಗೆ ಪೀಣ್ಯದಲ್ಲಿ ಕಲಿತ ಇನ್ನರ್ಧ ತಮಿಳು, ಎರಡೂ ಸೇರಿಸಿ ಮಾತಾಡುತ್ತಿದ್ದೆವು. ಏನು ಹೇಳಿದರೂ ಅವನು “ಹರಿ, ಹರಿ” ಎನ್ನುತ್ತಿದ್ದ. ದೈವಭಕ್ತ ಎಂದುಕೊಂಡು ನಾನೂ ಒಂದೆರಡು ಸಲ ಕೈಮುಗಿದೆ. ಅವರ ಭಾಷೆಯಲ್ಲಿ ಹರಿ ಎಂದರೆ ಸರಿ ಎಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು.

ಅಂಗಡಿಗಳಲ್ಲಿ ನನ್ನ ಬಾಯಿಗೆ ಬರುತ್ತಿದ್ದದ್ದು ಒಂದೇ ಶಬ್ದ, ಡೂಮ್. ನಮ್ಮಲ್ಲಿ ಹೆಡ್‌ಲೈಟಿನ ಗಾಜು ಬಟ್ಟಲು ಎರಡಕ್ಕೂ ಸೇರಿ ಮೆಕ್ಯಾನಿಕ್ಕುಗಳು ಡೂಮ್ ಎನ್ನುತ್ತಾರೆ. ಅದು ಇಡೀ ಜಗತ್ತಿಗೆ ಗೊತ್ತಿರುವ ಇಂಗ್ಲಿಷ್ ಶಬ್ದ ಎಂದೇ ನನ್ನ ನಂಬಿಕೆಯಾಗಿತ್ತು. “ಡೂಮ್, ಡೂಮ್” ಎಂದು ಎರಡು ಕೈಯಲ್ಲಿ ಗುಂಡಗೆ ತೋರಿಸಿದರೆ ಮೊದಲ ಅಂಗಡಿಯವನು ಪಕ್ಕದ ಗೂಡಂಗಡಿಯತ್ತ ಬೆರಳು ಮಾಡಿದ. ಎರಡನೆಯವನು ತನ್ನ ಜೇಬಿನಿಂದಲೇ ಒಂದು ಸಿಗರೇಟು ತೆಗೆದು ಕೊಟ್ಟ. ಮೂರನೆಯವರು ಹಿರಿಯರು, ಗೋಡೆಯ ಮೇಲಿನ ಧೂಮಪಾನ ನಿಷೇಧದ ಬೋರ್ಡು ತೋರಿಸಿ ಮುಖ ಗಂಟಿಕ್ಕಿದರು. ನಿಮಲ್ ಗಾಡಿ ನಿಲ್ಲಿಸಿ ಬರುವ ಹೊತ್ತಿಗೆ ನಾನು ಬೀದಿಯಲ್ಲೆಲ್ಲ ಹೊಗೆ ಕೇಳಿಕೊಂಡು ಅಲೆದಿದ್ದೆ. ಸಿಂಹಳದಲ್ಲಿ ದುಮ್ ಎಂದರೆ ಹೊಗೆ.

ಶಬ್ದ ಸರಿಹೋದ ಮೇಲೂ ವಸ್ತು ಸಿಗಲಿಲ್ಲ. ಒಂದು ಕಡೆ ಬಟ್ಟಲು ಇತ್ತು, ಬೆಳ್ಳಿ ಇರಲಿಲ್ಲ. ಇನ್ನೊಂದು ಕಡೆ ಎಲ್ಲವೂ ಇತ್ತು, ಆದರೆ ಹೊಸದು. “ಒರಿಜಿನಲ್, ಒರಿಜಿನಲ್” ಎಂದು ಆ ಅಂಗಡಿಯವನು ಹೇಳಿದ ಧಾಟಿ ನಮ್ಮೂರಿನದೇ ಇತ್ತು, ಕೇಳಿ ಒಂದು ಕ್ಷಣ ಮನೆಗೆ ಬಂದಷ್ಟು ಹಿತವಾಯಿತು. ಅಷ್ಟರಲ್ಲಿ ಫೋನ್ ಬಂತು. ಜಯಮ್ಮನವರು.

“ಎಲ್ಲಿದ್ದೀಯಪ್ಪ? ಶೆಡ್ಡಿಗ್ ಮಾಡುದ್ರೆ ಇಲ್ಲ ಅಂದ್ರು.”

“ತುಮಕೂರ್ ಕಡೆ ಬಂದಿದ್ದೀನಮ್ಮ, ಕೆಲ್ಸ ಇತ್ತು.”

“ಅದ್ಯಾವ್ ಭಾಸೆ ಪಕ್ದಲ್ಲಿ?”

“ಕೆಲಸದೋರಮ್ಮ. ಎಲ್ಲಾ ಬಿಹಾರದ ಕಡೆಯೋರು.”

“ಸರಿ. ದೀಪ?”

“ಚೆನ್ನಾಗವೆ.”

ಫೋನ್ ಇಟ್ಟಾಗ ಅಂಗಡಿಯವನ ಮೇಜಿನ ಮೇಲಿದ್ದ ಹಿತ್ತಾಳೆ ತೂಕದ ಕಲ್ಲನ್ನು ನಾನು ಪಳಪಳ ಎನ್ನುವಂತೆ ಉಜ್ಜಿಬಿಟ್ಟಿದ್ದೆ. ಅವನಿಗೆ ಖುಷಿಯಾಯಿತು. ನನಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ.

ಕ್ಯಾಂಡಿ ದಾರಿ

ನಿಮಲ್‌ನ ಊರು ಮಾತಳೆಯ ಹತ್ತಿರ. ಮಾತಳೆಯಲ್ಲಿ ಡ್ರೈವಿಂಗ್ ಕಲಿಸುತ್ತಿದ್ದ ತಮಿಳು ಮೇಷ್ಟ್ರೊಬ್ಬರ ಬಳಿ ಒಂದು ಕಾಲಕ್ಕೆ ಮೂರು ಮೈನರ್ ಕಾರುಗಳಿದ್ದವು, ಒಂದರ ಸಾಮಾನು ಈಗಲೂ ಇರಬೇಕು ಎಂದು ಅವನೇ ನೆನಪು ಮಾಡಿಕೊಂಡ. ತನಗೂ ಊರಿಗೆ ಹೋಗಿ ಬಹಳ ದಿನವಾಗಿದೆ, ಬೆಳಗ್ಗೆ ಬಸ್ಸಿನಲ್ಲಿ ಹೋಗೋಣ ಎಂದ. ಹರಿ ಎಂದೆ.

ಬಸ್ಸು ಹತ್ತಿದ ಕೂಡಲೇ ಖಾಲಿ ಇದ್ದ ಮುಂದಿನ ಸೀಟಿನಲ್ಲಿ ಕೂತೆ. ಬಸ್ಸಿನಲ್ಲಿ ಜನ ನಿಂತಿದ್ದರೂ ಆ ಸೀಟು ಯಾಕೆ ಖಾಲಿ ಇತ್ತು ಎಂದು ಯೋಚಿಸುವ ಬುದ್ಧಿ ಬರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಕಾವಿ ಉಟ್ಟ ಭಿಕ್ಷು ಒಬ್ಬರು ಹತ್ತಿ ನನ್ನ ಎದುರು ಸುಮ್ಮನೆ ನಿಂತರು. ಇಡೀ ಬಸ್ಸು ಕೆಮ್ಮಿತು. ಅದು ಗುರುಗಳಿಗೆ ಮೀಸಲಾದ ಸೀಟು. ಎದ್ದೆ. ನಮ್ಮ ಬಸ್ಸುಗಳಲ್ಲಿ ಮಹಿಳೆಯರ ಸೀಟಿನಲ್ಲಿ ಕೂತ ಗಂಡಸನ್ನು ಎಬ್ಬಿಸುವಾಗ ಆಗುವ ಗಲಾಟೆಯಲ್ಲಿ ಕಾಲು ಭಾಗವೂ ಆಗಲಿಲ್ಲ. ಅದರಿಂದಲೇ ಅವಮಾನ ಹೆಚ್ಚಾಯಿತು.

ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದರು. ನಾನು ಏನೂ ಕೇಳದೆಯೇ ಹುಡುಗನೊಬ್ಬ ತಟ್ಟೆ ತುಂಬ ಬಗೆಬಗೆಯ ಕರಿದ ತಿಂಡಿ ತಂದಿಟ್ಟು ಹೋದ. ನಿಮಲ್ ಕೈ ತೊಳೆಯಲು ಹೋಗಿದ್ದ. ಇಟ್ಟದ್ದನ್ನು ಬಿಟ್ಟೇಳಬಾರದು ಎಂದು ಬೆಳೆಸಿದ ಮನೆ ನಮ್ಮದು. ಒಂದೊಂದಾಗಿ ಮುಗಿಸುತ್ತಾ ಬಂದೆ. ಆರನೆಯದರಲ್ಲಿ ಮೀನಿತ್ತು. ಅವತ್ತು ಸೋಮವಾರ, ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಣ್ಣು ಮುಚ್ಚಿ ನುಂಗಿ ಮುಂದಿನದನ್ನು ತೆಗೆದುಕೊಂಡೆ. ನಿಮಲ್ ಬಂದು ಖಾಲಿ ತಟ್ಟೆ ನೋಡಿ ಕೂತುಬಿಟ್ಟ. ಅಲ್ಲಿ ತಟ್ಟೆ ತುಂಬ ಇಡುವುದು ಆರಿಸಿಕೊಳ್ಳಲಿಕ್ಕಂತೆ, ಬೇಕಾದ ಒಂದೋ ಎರಡೋ ತಿಂದು ಉಳಿದದ್ದು ಬಿಡಬೇಕಂತೆ.

ಮುಂದೆ ಬೆಟ್ಟದ ದಾರಿ. ಎಲ್ಲರೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನೋಡಲು ತಕ್ಕ ಊರೇ ಇರಬೇಕು. ನಾನು ಎದುರು ಬರುವ ಕಾರುಗಳ ಕಣ್ಣುಗಳನ್ನೇ ನೋಡುತ್ತಿದ್ದೆ. ಎರಡು ಮೈನರ್ ಸಿಕ್ಕವು. ಒಂದಕ್ಕೆ ಬೇರೆ ಯಾವುದೋ ಲೈಟು ಹಾಕಿದ್ದರು. ಇನ್ನೊಂದರದ್ದು ನೋಡುವಷ್ಟರಲ್ಲಿ ದಾಟಿಹೋಯಿತು. ಇಳಿದು ಹಿಂದೆ ಓಡಿಬಿಡೋಣ ಎನ್ನಿಸಿ ಎದ್ದು ನಿಂತೇಬಿಟ್ಟಿದ್ದೆ, ನಿಮಲ್ ಅಂಗಿ ಹಿಡಿದು ಕೂರಿಸಿದ.

ಮಾತಳೆ

ತಂಗರಾಜಾ ಮೇಷ್ಟ್ರಿಗೆ ಎಂಬತ್ತರ ಹತ್ತಿರ. ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ಒಂದು ಮೈನರ್ ಕಾರು ನಿಂತಿತ್ತು. ಅದರ ಪಕ್ಕದ ಮರದ ಬೀರುವಿನಲ್ಲಿ ಇನ್ನೊಂದು ಕಾರು ಬಿಡಿಬಿಡಿಯಾಗಿ ಮಲಗಿತ್ತು. ನಾನು ಬಂದ ಕೆಲಸ ಹೇಳಿದ ಮೇಲೆ ಅವರು ಒಳಗಿನಿಂದ ದಿಂಬಿನ ಹತ್ತಿಯಲ್ಲಿ ಸುತ್ತಿದ್ದ ಎರಡು ಗಂಟು ತಂದು ಬಿಚ್ಚಿದರು. ಗಾಜಿನ ಮೇಲೆ ಹಳೆಯ ಉಬ್ಬಕ್ಷರ. ಒಳಗೆ ಬೆಳ್ಳಿಯ ಬಟ್ಟಲು, ಒಂದು ಕಲೆಯಿಲ್ಲ. ನನ್ನ ಮುಖವೂ, ಹಿಂದೆ ನಿಮಲ್‌ನ ಮುಖವೂ ಅದರೊಳಗೆ ತಲೆಕೆಳಗಾಗಿ ಕಾಣಿಸಿದವು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೈ ಮುಂದೆ ಹೋಯಿತು. ಮೇಷ್ಟ್ರು ನನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ಹೊಡೆದರು.

“ಹಳೇದು ಏನಾಯ್ತು ತಂಬಿ?” ಎಂದು ಕೇಳಿದರು. ಅವರ ತಮಿಳನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಮನುಷ್ಯ. ಅವರಿಗೆ ನಿಜ ಹೇಳುವುದು ಸುಲಭವಾಯಿತು. ಚಕ್ರಕ್ಕೆ ಹಿಡಿದದ್ದು, ಗೋಡೆಗೆ ಹೊಡೆದದ್ದು, ಯಾರಿಗೂ ಕಾಣಬಾರದು ಎಂದು ಚೂರುಗಳನ್ನೆಲ್ಲ ಗುಜರಿ ಚೀಲಕ್ಕೆ ಹಾಕಿ ಕಳಿಸಿದ್ದು, ಎಲ್ಲ ಹೇಳಿದೆ. ಅವರು ಎರಡೂ ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಗಾಡಿ ಓಡಿಸೋದು ಯಾರು? ನೀನಾ?”

“ಅಲ್ಲ ಮೇಷ್ಟ್ರೇ. ಒಬ್ಬರು ಅಮ್ಮ.”

“ಅವರ ಹತ್ತಿರ ಮಾತಾಡದೆ ಕೊಡಲ್ಲ. ಓಡಿಸೋರು ಯಾರು ಅಂತ ತಿಳೀದೆ ನಾನು ಒಂದು ನಟ್ಟೂ ಕೊಟ್ಟವನಲ್ಲ. ಫೋನ್ ಹಾಕು.”

ಬೆಲೆ ಕೇಳಲಿಲ್ಲ, ಕಾಗದ ಕೇಳಲಿಲ್ಲ, ಇದೊಂದೇ ಅವರ ಪದ್ಧತಿ. ನಾನು ಅಂಗಳದಲ್ಲಿ ನಾಲ್ಕು ಸಲ ಓಡಾಡಿದೆ. ದೀಪ ಬಿಟ್ಟು ಹೋಗುವ ಹಾಗಿರಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಮೇಷ್ಟ್ರಿಗೆ ಕನ್ನಡ ಬರದು, ಜಯಮ್ಮನವರಿಗೆ ತಮಿಳು ಬರದು. ಮಧ್ಯದಲ್ಲಿ ನಾನೇ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ನನಗೆ ಬೇಕಾದ ಹಾಗೆ ತಿರುಗಿಸಿದರೆ ಆಯಿತು. ಫೋನ್ ಹಚ್ಚಿ, ಜೋರಾಗಿ ಕೇಳಿಸುವ ಹಾಗೆ ಮಾಡಿ, “ಅಮ್ಮ, ಇಲ್ಲಿ ಒಬ್ಬರು ಹಿರೀಕರು ಗಾಡಿ ಬಗ್ಗೆ ಮಾತಾಡ್ಬೇಕಂತೆ, ನಾನ್ ಹೇಳ್ತಾ ಹೋಗ್ತೀನಿ” ಎಂದು ಶುರು ಮಾಡಿದೆ.

ಮೇಷ್ಟ್ರು “ವಣಕ್ಕಮ್ಮಾ” ಎಂದರು.

ಆ ಕಡೆಯಿಂದ ಜಯಮ್ಮನವರು ತಮಿಳಿನಲ್ಲಿ ಶುರು ಮಾಡಿದರು. ನನ್ನಂಥ ತಮಿಳಲ್ಲ, ಹರಿಯುವ ತಮಿಳು. ಯಾರು, ಎತ್ತ, ಊಟ ಆಯಿತಾ ಎಂದು ವಿಚಾರಿಸಿದರು. ನಾನು ಬೆಂಗಳೂರಿನ ಪಶ್ಚಿಮದ ತುದಿಯವನು. ಪೂರ್ವದ ತುದಿಯಲ್ಲಿ, ಕಾಡುಗೋಡಿಯ ಕಡೆ ಹುಟ್ಟಿದವರಿಗೆ ಮನೆಯೊಳಗೆ ತೆಲುಗು, ಸಂತೆಯಲ್ಲಿ ತಮಿಳು, ಕನ್ನಡ ಎಲ್ಲ ಕಡೆ ಎಂದು ಐವತ್ತನಾಲ್ಕು ವರ್ಷ ಅದೇ ಊರಿನಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಯಲು ಸಮುದ್ರ ದಾಟಬೇಕಾಯಿತು.

ಮೇಷ್ಟ್ರಿಗೆ ಕೆಟ್ಟ ಮನಸ್ಸೇನಿಲ್ಲ. ಸಮಾಧಾನ ಹೇಳುವ ದನಿಯಲ್ಲಿ, ನಿಮ್ಮ ದೀಪಗಳು ಚಕ್ರಕ್ಕೆ ಸಿಕ್ಕಿ ಹೋದವಂತೆ, ಗುಜರಿಗೂ ಹೋದವಂತೆ, ಪಾಪ ಈ ತಂಬಿ ಕಡಲು ದಾಟಿ ಬಂದಿದ್ದಾನೆ ಎಂದರು. ಆ ಕಡೆ ಯಾರದೋ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು.

“ಗಂಗಾಧ್ರ.”

“ಅಮ್ಮ.”

“ಎಲ್ಲಿದ್ದೀಯ?”

“ಶ್ರೀಲಂಕಾದಲ್ಲಿ ಅಮ್ಮ. ಮಾತಳೆ ಅಂತ.”

“ತುಮಕೂರು ಅಂದೆ.”

“ಸುಳ್ ಹೇಳ್ದೆ.”

“ದೀಪ ಓಗಿ ಎಷ್ಟ್ ದಿನ ಆಯ್ತು?”

“ಮೂರ್ ತಿಂಗಳಾಯ್ತಮ್ಮ.”

“ದಿನಾ ಕೇಳ್ತಿದ್ನಲ್ಲಪ್ಪ,” ಎಂದರು. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಮೇಷ್ಟ್ರಿಗೆ ಕೊಡು ಎಂದರು.

ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮೈನರಿನ ಮೊದಲ ಗೇರು ಹೇಗೆ ಹಟ ಮಾಡುತ್ತದೆ ಎಂದು, ಲೈಟು ತಗ್ಗಿಸುವ ಸ್ವಿಚ್ಚನ್ನು ಎಡಗಾಲಲ್ಲಿ ಒತ್ತಬೇಕಾದಾಗ ಸೀರೆ ಹೇಗೆ ತೊಡರುತ್ತದೆ ಎಂದು. ಹೊಸಕೋಟೆ ದಾರಿಯಲ್ಲಿ ಒಂದೇ ಒಂದು ಬೀದಿ ದೀಪವೂ ಇಲ್ಲದ ಕಾಲದಲ್ಲಿ, ಹೂವಿನ ಮೂಟೆ ಹಾಕಿಕೊಂಡು, ಹೆಂಗಸು ಒಬ್ಬಳೇ ಆ ಎರಡು ದೀಪ ನಂಬಿಕೊಂಡು ಹೋಗುತ್ತಿದ್ದೆ ಎಂದು ಅವರು ಹೇಳಿದ್ದು ಕೇಳಿಸಿತು. ನನ್ನ ಹತ್ತಿರ ಅದನ್ನು ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾತು ಮುಗಿದ ಮೇಲೆ ಫೋನ್ ನನ್ನ ಕೈಗೆ ಬರುವ ಮೊದಲೇ ಕಟ್ಟಾಯಿತು.

ಮೇಷ್ಟ್ರು ದೀಪಗಳನ್ನು ಮತ್ತೆ ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬದಲ್ಲಿಟ್ಟು, ದಾರ ಕಟ್ಟಿ ಕೊಟ್ಟರು. “ನಿನಗೆ ಕೊಡ್ತಾ ಇಲ್ಲ ತಂಬಿ,” ಎಂದರು. “ಅವರಿಗೆ ಕೊಡ್ತಾ ಇದ್ದೀನಿ. ನೀನು ಹೊತ್ಕೊಂಡು ಹೋಗು.”

ಮತ್ತೆ ಕಟುನಾಯಕೆ

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಡಬ್ಬ ಬಿಚ್ಚಿದ. ಹತ್ತಿ ಬಿಡಿಸಿದ. ಬಟ್ಟಲೊಳಗೆ ತನ್ನ ಮುಖ ಕಂಡು, ಎಲ್ಲರೂ ಮಾಡುವ ಹಾಗೆ, ಬೆರಳು ಚಾಚಿದ. ನಾನು ಅವನ ಕೈ ಹಿಡಿದುಬಿಟ್ಟೆ. ಸಮವಸ್ತ್ರದವರ ಕೈ ಹಿಡಿಯಬಾರದು ಎಂದು ಯಾವ ದೇಶದವನಿಗಾದರೂ ಗೊತ್ತಿರಬೇಕು. ಇನ್ನಿಬ್ಬರು ಬಂದು ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. “ಸಿಲ್ವರ್, ನೋ ಟಚ್” ಎಂದು ಹೇಳುತ್ತಲೇ ಹೋದೆ. ಬೆಳ್ಳಿ ಎಂದದ್ದಕ್ಕೆ ಅನುಮಾನ ಹೆಚ್ಚಾಯಿತು. ಕೊನೆಗೆ ಅವರಲ್ಲಿ ಹಿರಿಯನೊಬ್ಬ ಬಂದು, ನೋಡಿ, ತನ್ನ ಅಪ್ಪನ ಹತ್ತಿರವೂ ಮೈನರ್ ಇತ್ತು ಎಂದು ತಾನೇ ಹತ್ತಿ ಸುತ್ತಿ ಕೊಟ್ಟ.

ಮನಸ್ಸಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಹೋಗುವಾಗ ಸಿಗುತ್ತದೋ ಇಲ್ಲವೋ ಎಂಬ ಚಡಪಡಿಕೆ. ಈಗ ಸಿಕ್ಕಿದೆ, ಆದರೆ ಯಾರಿಗಾಗಿ ತಂದೆನೋ ಅವರ ಮುಖ ನೋಡುವುದು ಹೇಗೆ ಎಂಬ ಚಡಪಡಿಕೆ. ಎರಡು ದಿನದಿಂದ ಸಂಜೆ ಫೋನ್ ಬಂದಿರಲಿಲ್ಲ. ದಿನವೂ ಬೇಡ ಎನ್ನಿಸುತ್ತಿದ್ದ ಫೋನಿಗಾಗಿ ಈಗ ನಾನೇ ಕಾಯುತ್ತಿದ್ದೆ.

ಕಾಡುಗೋಡಿ

ಊರಿಗೆ ಬಂದ ಮಾರನೆಯ ಬೆಳಗ್ಗೆ ಡಬ್ಬ ಹಿಡಿದು ಮೆಟ್ರೊ ಹತ್ತಿದೆ. ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ಕಾಡುಗೋಡಿಯ ಕೊನೆಯ ನಿಲ್ದಾಣ. ಜಯಮ್ಮನವರು ರೂಮುಗಳ ಮುಂದೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಡಬ್ಬ ನೋಡಿದರು, ನನ್ನನ್ನು ನೋಡಿದರು.

“ಗಾಡಿ ಎಲ್ಲೈತೆ?”

“ಪೀಣ್ಯದಲ್ಲಿ ಅಮ್ಮ.”

“ಗಾಡಿ ಅಲ್ಲಿದ್ರೆ ದೀಪ ಇಲ್ಲಿಗ್ಯಾಕೆ ತಂದೆ?”

ಹೌದು, ಯಾಕೆ ತಂದೆ. ಒಪ್ಪಿಸಿ ಕೈತೊಳೆದುಕೊಳ್ಳುವ ಆತುರದಲ್ಲಿ ಅದು ತಲೆಗೇ ಬಂದಿರಲಿಲ್ಲ. ಅವರು ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ, ನಡಿ ಎಂದರು. ಬಂದ ದಾರಿಯಲ್ಲೇ ವಾಪಸ್ಸು. ಡಬ್ಬ ಅವರ ಮಡಿಲಲ್ಲಿತ್ತು. ಮೆಜೆಸ್ಟಿಕ್‌ವರೆಗೆ ಅದನ್ನು ನನ್ನ ಕೈಗೆ ಕೊಡಲಿಲ್ಲ, ಅಲ್ಲಿಂದ ಪೀಣ್ಯದವರೆಗೂ ಕೊಡಲಿಲ್ಲ.

ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ನಾನು ಕೂರಿಸುವುದನ್ನು ನೋಡಿದರು. ಹತ್ತಿಯಿಂದಲೇ ಹಿಡಿದು ಕೂರಿಸಿದೆ. ಬೆರಳು ತಾಗಿಸಲಿಲ್ಲ. ಸ್ವಿಚ್ಚು ಹಾಕಿದಾಗ ಎದುರಿನ ಗೋಡೆಯ ಮೇಲೆ ಎರಡು ಹಳದಿ ಬೆಳಕು ಬಿದ್ದವು. ಆ ಬೆಳಕನ್ನೇ ಬಹಳ ಹೊತ್ತು ನೋಡಿದರು.

“ಚೆನ್ನಾಗವೆ,” ಎಂದರು. ನಾನು ಮೂರು ತಿಂಗಳು ಹೇಳಿದ್ದ ಮಾತನ್ನು ಅವರ ಬಾಯಿಂದ ಕೇಳಿ ತಲೆ ತಗ್ಗಿಸಿದೆ. “ಇರ್ಲಿ. ಆದ್ರೆ ಒಂದ್ ಮಾತು. ಇವು ಒರಿಜಿನಲ್ ಅಂತ ಯಾರ್ ತಾವ್ಲೂ ಯೋಳ್ಬ್ಯಾಡ.”

ತಮ್ಮ ಅಣ್ಣನ ಮಗನನ್ನು ಕರೆಸಿ ಅವತ್ತೇ ಗಾಡಿ ತೆಗೆದುಕೊಂಡು ಹೋದರು. ನನ್ನನ್ನು ಬಾ ಎನ್ನಲಿಲ್ಲ.

ತಿಂಗಳಾದ ಮೇಲೆ ವೈಟ್‌ಫೀಲ್ಡಿನ ಒಂದು ಕಚೇರಿಯ ಆವರಣದಲ್ಲಿ ಭಾನುವಾರ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ ಎಂದು ತಿಳಿದು ಹೋದೆ. ಮೈನರ್ ಅಲ್ಲಿತ್ತು. ಸ್ಟೇರಿಂಗಿನ ಮುಂದೆ ಜಯಮ್ಮನವರೇ ಕೂತಿದ್ದರು. ಹತ್ತಿರ ಹೋಗಿ ನಿಂತೆ, ಅವರು ನನ್ನತ್ತ ತಿರುಗಲಿಲ್ಲ. ಅಷ್ಟರಲ್ಲಿ ಒಬ್ಬ ಯುವಕ ಬಂದು, ಮಂಡಿಯೂರಿ, ದೀಪದ ಗಾಜಿನ ಮೇಲಿನ ಅಕ್ಷರಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಈ ಕೆಲಸ ಬಲ್ಲವನೇ ಇರಬೇಕು.

“ಅಂಕಲ್, ಗಾಡಿ ರೆಡಿ ಮಾಡಿದ್ದು ನೀವೇ ಅಂತ ಅಮ್ಮನ ಅಣ್ಣನ ಮಗ ಹೇಳಿದ್ರು. ಸಕ್ಕತ್ತಾಗಿದೆ. ಲೈಟ್ಸ್ ಒರಿಜಿನಲ್ ಅಲ್ವಾ?”

“ಅಲ್ಲ,” ಎಂದೆ.

“ಅಲ್ಲ ಅಂದ್ರೆ ಹೇಗೆ, ಗಾಜಿನ ಮೇಲೆ ಮಾರ್ಕ್ ಇದ್ಯಲ್ಲ.”

“ಮಾರ್ಕ್ ಇದೆಯಪ್ಪ. ಆದ್ರೆ ಈ ಗಾಡೀದಲ್ಲ. ಇದರದ್ದು ಇತ್ತು, ಚೆನ್ನಾಗೇ ಇತ್ತು. ನಾನು ಹಾಳ್ ಮಾಡ್ದೆ. ಮೂರ್ ತಿಂಗಳು ಅಮ್ಮನಿಗೆ ಹೇಳ್ಲೂ ಇಲ್ಲ.”

ಅವನು ನಕ್ಕು ಮುಂದಿನ ಕಾರಿನತ್ತ ಹೋದ. ಜಯಮ್ಮನವರು ಎದುರಿಗೇ ನೋಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಂಜಿನ್ ಚಾಲೂ ಮಾಡಿದರು. ಆಮೇಲೆ ಬಗ್ಗಿ ನನ್ನ ಕಡೆಯ ಬಾಗಿಲಿನ ಚಿಲಕ ತೆಗೆದರು.

“ಅತ್ಕೋ,” ಎಂದರು. “ವೊತ್ತಾಯ್ತದೆ.”